ಮಡಚುವ ಫೋನು: ಪುಸ್ತಕವೋ, ಕಪ್ಪೆಚಿಪ್ಪೋ?

1995ರ ಜುಲೈ 31ರಂದು ಅಂದಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ನಮ್ಮ ಈ ನಗರದ ರೈಟರ್ಸ್ ಬಿಲ್ಡಿಂಗಿನಿಂದ ದೆಹಲಿಯ ಸಂಚಾರ ಭವನದಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಭಾರತದ ಮೊತ್ತಮೊದಲ ಮೊಬೈಲ್ ಕರೆ ಅದು. ಮೋದಿ ಟೆಲ್‌ಸ್ಟ್ರಾ ಸಂಸ್ಥೆಯ ಜಾಲ, ನೋಕಿಯಾ ಕಂಪನಿಯ ಫೋನು. ಆ ದಿನಗಳಲ್ಲಿ ಬರುವ ಕರೆಗೂ ಹಣ ತೆರಬೇಕಾಗಿದ್ದುದರಿಂದ ನಮ್ಮಂಥ ಬ್ಯಾಂಕ್ ಗುಮಾಸ್ತರು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಲೆಡ್ಜರ್ ತಿರುವಿಹಾಕುವ ಕೆಲಸಕ್ಕೆ ಮರಳಿದ್ದೆವು. ಈಗ ಅದೇ ಡಾಲ್‌ಹೌಸಿ ಚೌಕದ ನೆಲದಡಿಯಲ್ಲಿ ಮಹಾಕರಣ ಎಂಬ ಮೆಟ್ರೋ ನಿಲ್ದಾಣವಿದೆ. ಅಲ್ಲಿ ರೈಲಿಗಾಗಿ ಕಾದು ನಿಂತವರಲ್ಲಿ ಅಪರೂಪಕ್ಕೊಬ್ಬರು ಜೇಬಿನಿಂದ ಫೋನು ತೆಗೆದು, ಪುಸ್ತಕ ಬಿಚ್ಚುವಂತೆ ಬಿಚ್ಚಿ ಓದುತ್ತಿರುವುದು ಕಣ್ಣಿಗೆ ಬೀಳುತ್ತದೆ.

ಈ ಮಡಚುವ ಫೋನುಗಳ ಬಗೆಗೆ ಸಂಘದ ಮಿತ್ರರು ನಮ್ಮನ್ನು ಆಗಾಗ ವಿಚಾರಿಸುವುದುಂಟು. ತಂತ್ರಜ್ಞಾನದಲ್ಲಿ ನಮಗೆ ಪಾಂಡಿತ್ಯವಿದೆಯೆಂದಲ್ಲ. ನಾವು ಕಲಾ ವಿಭಾಗದ ಪದವೀಧರರು. ಬ್ಯಾಂಕಿನವರಾದ್ದರಿಂದ ಹಣದ ಮಾತು ಗೊತ್ತಿರಬಹುದೆಂಬ ನಂಬಿಕೆ ಅವರದು. ಜೊತೆಗೆ ಈ ಪ್ರಶ್ನೆ ನಮ್ಮ ಮನೆಯದೂ ಹೌದು. ಚಾಳೀಸು ಬಂದು ಹತ್ತು ವರ್ಷಗಳಾದವು. ಕೊಲ್ಕತ್ತೆಯಲ್ಲಿ ಅಂದಿನ ಕನ್ನಡ ಪತ್ರಿಕೆ ಅಂದೇ ಕೈಗೆ ಸಿಗುವುದು ದುರ್ಲಭ. ಬೆಳಗಿನ ಕಾಫಿಯೊಡನೆ ಪ್ರಜಾವಾಣಿಯನ್ನೋ ಉದಯವಾಣಿಯನ್ನೋ ಅಂತರ್ಜಾಲದ ಆವೃತ್ತಿಯಲ್ಲಿ ಓದುವುದೇ ನಮಗಿರುವ ದಾರಿ. ಆರು ಅಂಕಣಗಳ ಆ ದೊಡ್ಡ ಪುಟವನ್ನು ಅಂಗೈಯಗಲದ ಗಾಜಿನಲ್ಲಿ ಹಿಗ್ಗಿಸಿ, ಎಳೆದು, ಸಾಲು ತಪ್ಪಿಸಿಕೊಂಡು, ಮತ್ತೆ ಹುಡುಕಿ ಓದುವ ಸಂಕಟ ಹೊರನಾಡ ಕನ್ನಡಿಗರಿಗೆಲ್ಲ ಚೆನ್ನಾಗಿ ಗೊತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಈ ಹೊತ್ತಿನಲ್ಲಿ ಒಂದು ಫೋನಿಗೆ ಲಕ್ಷಕ್ಕೆ ಮೀರಿದ ಹಣ ಸುರಿಯಬೇಕೇ, ಸುರಿಯುವುದಾದರೆ ಯಾವ ಬಗೆಯದಕ್ಕೆ ಎಂಬುದನ್ನು ಕೆಲವು ತಿಂಗಳುಗಳಿಂದ ಯೋಚಿಸುತ್ತಿದ್ದೇವೆ. ಹಾಗೆ ಯೋಚಿಸುತ್ತ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಡಚುವ ಫೋನುಗಳಲ್ಲಿ ಮುಖ್ಯವಾಗಿ ಎರಡು ಪಂಗಡಗಳಿವೆ. ಮೊದಲನೆಯದು ಪುಸ್ತಕದ ಮಾದರಿ. ಮುಚ್ಚಿದಾಗ ಸಾಮಾನ್ಯ ಫೋನಿನಂತೆ ಹೊರಗೊಂದು ಪರದೆ, ಬಿಚ್ಚಿದಾಗ ಒಳಗೆ ಹೆಚ್ಚುಕಡಿಮೆ ಚೌಕಾಕಾರದ ದೊಡ್ಡ ಪರದೆ. ಎರಡನೆಯದನ್ನು ಕಪ್ಪೆಚಿಪ್ಪಿನ ಮಾದರಿ ಎನ್ನೋಣ. ಇದನ್ನು ಬಿಚ್ಚಿದರೆ ದೊರೆಯುವುದು ಸಾಮಾನ್ಯ ಗಾತ್ರದ ಫೋನೇ. ಅಡ್ಡಡ್ಡಲಾಗಿ ಮಡಚಿದರೆ ಕುಂಕುಮದ ಡಬ್ಬಿಯಷ್ಟು ಪುಟ್ಟದಾಗಿ ಅಂಗಿಯ ಜೇಬಿನಲ್ಲಿ ಅಡಗುತ್ತದೆ. ಮೊದಲನೆಯದು ಚಿಕ್ಕದನ್ನು ದೊಡ್ಡದು ಮಾಡಿಕೊಡುತ್ತದೆ, ಎರಡನೆಯದು ದೊಡ್ಡದನ್ನು ಚಿಕ್ಕದು ಮಾಡಿಕೊಡುತ್ತದೆ. ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಾಗ ಎರಡೂ ಒಂದೇ ಜಾತಿಯವೆಂಬ ಭ್ರಮೆ ಹುಟ್ಟುವುದರಿಂದ ಈ ಮಾತನ್ನು ಮೊದಲೇ ಹೇಳಿಬಿಡುವುದು ಯುಕ್ತ.

ಇನ್ನು ಸ್ವಲ್ಪ ಚರಿತ್ರೆ. ಗುಂಡಿಗಳಿದ್ದ ಕಾಲದಲ್ಲೂ ಮಡಚುವ ಫೋನುಗಳಿದ್ದವು. ಮೋಟೊರೋಲಾದ ಸ್ಟಾರ್‌ಟ್ಯಾಕ್ 1996ರಲ್ಲೂ ರೇಜರ್ 2004ರಲ್ಲೂ ಬಂದವು. ಆದರೆ ಅವುಗಳಲ್ಲಿ ಮಡಚುತ್ತಿದ್ದುದು ದೇಹ ಮಾತ್ರ, ಪರದೆಯಲ್ಲ. ಪರದೆಯೇ ಮಡಚುವ ಮೊದಲ ಫೋನನ್ನು 2018ರ ಕೊನೆಯಲ್ಲಿ ಚೀನಾದ ರೊಯೋಲ್ ಎಂಬ ಸಂಸ್ಥೆ ಹೊರತಂದಿತು. (ಆ ಸಂಸ್ಥೆ ಮುಂದೆ ದಿವಾಳಿಯಾಯಿತು. ಮೊದಲಿಗರಾಗುವುದರಲ್ಲಿ ಲಾಭವಿದ್ದೇ ತೀರುತ್ತದೆಂಬ ಖಾತ್ರಿಯಿಲ್ಲ.) 2019ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಫೋಲ್ಡನ್ನು ಪ್ರಕಟಿಸಿತು. ಏಪ್ರಿಲ್‌ನಲ್ಲಿ ವಿಮರ್ಶಕರ ಕೈಗೆ ಕೊಟ್ಟ ಫೋನುಗಳು ಕೆಲವೇ ದಿನಗಳಲ್ಲಿ ಕೆಟ್ಟವು. ಪರದೆಯ ಮೇಲಿನ ತೆಳು ಪೊರೆಯನ್ನು ಕಿತ್ತೊಗೆಯಬೇಕಾದ ಪ್ಲಾಸ್ಟಿಕ್ಕೆಂದು ಭಾವಿಸಿ ಕೆಲವರು ಕಿತ್ತೇಬಿಟ್ಟಿದ್ದರು. ಇನ್ನು ಕೆಲವದರಲ್ಲಿ ಕೀಲಿನ ಸಂದಿನಿಂದ ಕಸ ಒಳಹೊಕ್ಕಿತ್ತು. ಕಂಪನಿ ಮಾರಾಟವನ್ನು ಮುಂದೂಡಿ, ತಿದ್ದಿ, ಸೆಪ್ಟೆಂಬರ್‌ನಲ್ಲಿ ಮತ್ತೆ ತಂದಿತು. ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 1,64,999 ರೂಪಾಯಿ, ತೂಕ 276 ಗ್ರಾಂ. 2020ರಲ್ಲಿ ಕಪ್ಪೆಚಿಪ್ಪಿನ ಮಾದರಿಯ ಎರಡು ಫೋನುಗಳು ನಮ್ಮ ಮಾರುಕಟ್ಟೆಗೆ ಬಂದವು: ಹಳೆಯ ಹೆಸರನ್ನೇ ಹೊತ್ತ ಮೋಟೊರೋಲಾ ರೇಜರ್ ಮತ್ತು ಸ್ಯಾಮ್‌ಸಂಗಿನ ಝಡ್ ಫ್ಲಿಪ್.

ಗಾಜು ಮಡಚುವುದಾದರೂ ಹೇಗೆ? ನಮ್ಮನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. ಬ್ಯಾಂಕಿನ ಪಾಸ್‌ಪುಸ್ತಕವನ್ನೇ ನೋಡಿ. ಅದರ ದಪ್ಪ ರಟ್ಟನ್ನು ಬಾಗಿಸಿದರೆ ಹೊರಮೈ ಬಿರಿದು ಬಿಳಿಯ ಗೆರೆ ಮೂಡುತ್ತದೆ. ಒಳಗಿನ ಹಾಳೆಯನ್ನು ಅಷ್ಟೇ ಬಾಗಿಸಿದರೂ ಏನೂ ಆಗದು. ಬಾಗಿದ ವಸ್ತುವಿನ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ದಪ್ಪ ಹೆಚ್ಚಿದಷ್ಟೂ ಈ ಎಳೆದಾಟ ಹೆಚ್ಚು, ಬಾಗುವ ಸುತ್ತು ಬಿಗಿಯಾದಷ್ಟೂ ಇನ್ನೂ ಹೆಚ್ಚು. ಆದ್ದರಿಂದ ಗಾಜನ್ನು ಕೂದಲೆಳೆಗಿಂತ ತೆಳ್ಳಗೆ ಮಾಡಿದರೆ ಅದೂ ಹಾಳೆಯಂತೆ ಬಾಗುತ್ತದೆ. 2020ರ ಝಡ್ ಫ್ಲಿಪ್‌ನಲ್ಲಿ ಅಂಥ ಅತಿ ತೆಳು ಗಾಜನ್ನು ಬಳಸಿದರು. ಅದರ ಕೆಳಗಿರುವುದು ತಾನೇ ಬೆಳಗುವ ಒ.ಎಲ್.ಇ.ಡಿ. ಪದರ; ಹಿಂದಿನಿಂದ ಬೆಳಕು ಚೆಲ್ಲುವ ದಪ್ಪ ಹಲಗೆ ಇದಕ್ಕೆ ಬೇಡವಾದ್ದರಿಂದಲೇ ಮಡಚುವುದು ಸಾಧ್ಯವಾಯಿತು. ಗಾಜಿನ ಮೇಲೆ ಪ್ಲಾಸ್ಟಿಕ್ಕಿನ ಪೊರೆ. ಉಗುರು ತಾಗುವುದು ಆ ಮೃದುವಾದ ಪೊರೆಗೆ. 2019ರಲ್ಲಿ ವಿಮರ್ಶಕರು ಕಿತ್ತದ್ದೂ ಇಂಥದೇ ಒಂದು ಪೊರೆಯನ್ನು. ಅದು ಫೋನಿನ ಅಂಗವೇ ಆಗಿರುವುದರಿಂದ ಅಂಚು ಎದ್ದಂತೆ ಕಂಡರೂ ಕೈಹಾಕದೆ ದುರಸ್ತಿ ಕೇಂದ್ರಕ್ಕೆ ಒಯ್ಯಬೇಕು.

ನಡುವೆ ಕಾಣುವ ಗೆರೆಯ ಕತೆಯೂ ಇದೇ. ಪರದೆಯನ್ನು ಬಿಗಿಯಾಗಿ ಮಡಚಿದಷ್ಟೂ ಗೆರೆ ಆಳ. ಈಚಿನ ಕೀಲುಗಳಲ್ಲಿ ಮಡಿಕೆಯ ಜಾಗದಲ್ಲಿ ಪರದೆಗೆ ನೀರಹನಿಯ ಆಕಾರದ ಟೊಳ್ಳು ಬಿಟ್ಟಿರುತ್ತಾರೆ. ಸುತ್ತು ಸಡಿಲವಾಗಿ ಗೆರೆ ತಿಳಿಯಾಗುತ್ತದೆ, ಮುಚ್ಚಿದಾಗ ಎರಡು ಹೋಳುಗಳ ನಡುವೆ ಸಂದು ಉಳಿಯುವುದೂ ಇಲ್ಲ. ಗೆರೆಯೇ ಇಲ್ಲವೆಂದು ಮಾರಾಟಗಾರರು ಹೇಳಿದರೆ ಫೋನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಓದುವಾಗ ಅದು ಕಣ್ಣಿಗೆ ಬೀಳುವುದಿಲ್ಲವೆಂಬುದು ಮಾತ್ರ ನಿಜ, ಬೆರಳಿಗೆ ತಿಳಿಯುತ್ತದೆ.

ಆಯ್ಕೆಯ ಮಾತಿಗೆ ಬರೋಣ. ಮೊದಲು ಪುಸ್ತಕದ ಮಾದರಿ. 2025ರ ಜುಲೈನಲ್ಲಿ ಬಂದ ಗ್ಯಾಲಕ್ಸಿ ಝಡ್ ಫೋಲ್ಡ್ 7ರ ಒಳಪರದೆ 8 ಇಂಚು. ನಾವು ಲೆಕ್ಕ ಹಾಕಿದಂತೆ ಅದರ ಅಗಲ ಹದಿಮೂರೂವರೆ ಸೆಂಟಿಮೀಟರ್. ಸಾಮಾನ್ಯ ಫೋನಿನದು ಸುಮಾರು ಏಳು. ಅಂದರೆ ಪತ್ರಿಕೆಯ ಪುಟವನ್ನು ಅಗಲಕ್ಕೆ ಹೊಂದಿಸಿದರೆ ಅಕ್ಷರಗಳು ಹತ್ತಿರಹತ್ತಿರ ಎರಡು ಪಟ್ಟು ದೊಡ್ಡದಾಗುತ್ತವೆ. ಇಂಗ್ಲಿಷಿಗೆ ಇದು ಬರಿಯ ಅನುಕೂಲವಾದರೆ ಕನ್ನಡಕ್ಕೆ ಅದಕ್ಕಿಂತ ಹೆಚ್ಚಿನದು. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಅಕ್ಷರ ಕೂರುತ್ತದೆ. ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ತ್ರೀ’ ಎಂಬ ಪದಗಳನ್ನು ಸಣ್ಣ ಅಚ್ಚಿನಲ್ಲಿ ನೋಡಿದರೆ ಒತ್ತಕ್ಷರಗಳು ಇರುವೆಯ ಕಾಲುಗಳಂತೆ ಕಲಸಿಹೋಗಿ, ಓದುವುದಕ್ಕಿಂತ ಊಹಿಸುವುದೇ ಹೆಚ್ಚಾಗುತ್ತದೆ. ಚಾಂದನಿ ಚೌಕದ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟ ಫೋನಿಗೆ ನಮ್ಮ ಫೋನಿನಿಂದಲೇ ಅಂತರ್ಜಾಲದ ಸಂಪರ್ಕ ಕೊಟ್ಟು ಪತ್ರಿಕೆಯ ಪುಟ ತೆರೆದೆವು. ಕನ್ನಡಕ ತೆಗೆದೂ ಅಗ್ರಲೇಖನ ಓದಲಾಯಿತು. “ಏನು ಲಿಪಿ ಕಾಕು ಇದು, ಜಿಲೇಬಿಯಂತಿದೆ!” ಎಂದು ಅಂಗಡಿಯ ಹುಡುಗ ಬಂಗಾಳಿಯಲ್ಲಿ ನಕ್ಕನು. ನಮಗಂತೂ ಆ ಕ್ಷಣ ಜಿಲೇಬಿ ತಿಂದಷ್ಟೇ ಹಿತವಾಯಿತು.

ಪುಸ್ತಕದ ಮಾದರಿಯ ಮೇಲಿನ ಹಳೆಯ ದೂರು ಅದರ ತೂಕ ಮತ್ತು ದಪ್ಪ. ಆ ದೂರು ಈಗ ಬಹುಮಟ್ಟಿಗೆ ತೀರಿದೆ. ಮೊದಲ ಫೋಲ್ಡ್ ಮುಚ್ಚಿದಾಗ ಕೀಲಿನ ಬಳಿ 17 ಮಿಲಿಮೀಟರ್ ದಪ್ಪವಿತ್ತು. ಫೋಲ್ಡ್ 7 ಮುಚ್ಚಿದಾಗ 8.9 ಮಿಲಿಮೀಟರ್, ತೂಕ 215 ಗ್ರಾಂ. ಅದೇ ವರ್ಷದ, ಮಡಚದ ಎಸ್ 25 ಅಲ್ಟ್ರಾ 218 ಗ್ರಾಂ ತೂಗುತ್ತದೆ. ಆದರೆ ತೆಳುವಾಗಿಸುವ ಭರದಲ್ಲಿ ಹಿಂದಿನ ಆವೃತ್ತಿಗಳಲ್ಲಿ ಒಳಪರದೆಯ ಮೇಲೆ ಬರೆಯಲು ನೆರವಾಗುತ್ತಿದ್ದ ಲೇಖನಿಯ ಸೌಲಭ್ಯವನ್ನು ಕೈಬಿಟ್ಟರು. ಬರೆಯುವ ಹವ್ಯಾಸವಿರುವವರು ಇದನ್ನು ಗಮನಿಸಬೇಕು. ಇನ್ನೊಂದು ಮಾತು ಚಲನಚಿತ್ರ ನೋಡುವವರಿಗೆ. ಚೌಕ ಪರದೆಯಲ್ಲಿ ಅಗಲವಾದ ಚಿತ್ರ ಹಾಕಿದರೆ ಮೇಲೂ ಕೆಳಗೂ ಕಪ್ಪು ಪಟ್ಟಿಗಳು ಉಳಿಯುತ್ತವೆ. ಯಕ್ಷಗಾನದ ವೀಡಿಯೊ ದೊಡ್ಡದಾಗಿ ಕಾಣುತ್ತದೆಂದು ಈ ಮಾದರಿ ಕೊಂಡವರಿಗೆ ತುಸು ನಿರಾಸೆಯಾದೀತು. ಇದು ಓದುವವರ ಸಾಧನ. ಬ್ಯಾಂಕಿನ ಹೇಳಿಕೆಪಟ್ಟಿ, ಮ್ಯೂಚುವಲ್ ಫಂಡಿನ ಕಾಗದ, ಮನೆಯ ಕರಾರುಪತ್ರ ಇವುಗಳನ್ನು ನೋಡುವವರಿಗೂ ಸೈ.

ಈ ಮಾದರಿಯಲ್ಲೇ ಆಕಾರದ ಭೇದಗಳುಂಟು. ಸ್ಯಾಮ್‌ಸಂಗಿನ ಮೊದಲ ಫೋಲ್ಡಿನ ಹೊರಪರದೆ 4.6 ಇಂಚಿನ ಇಕ್ಕಟ್ಟಾದ ಪಟ್ಟಿ. ಅದರಲ್ಲಿ ಬೆರಳಚ್ಚು ಮಾಡುವುದೇ ಪ್ರಯಾಸ. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ ಫೋಲ್ಡ್ ಪಾಸ್‌ಪೋರ್ಟಿನಂತೆ ಗಿಡ್ಡ, ಅಗಲ. ಅದೇ ವರ್ಷ ನಮ್ಮಲ್ಲಿ 1,39,999 ರೂಪಾಯಿಗೆ ಬಂದ ಒನ್‌ಪ್ಲಸ್ ಓಪನ್ ಇವೆರಡರ ನಡುವಿನದು. ಹೊರಪರದೆ ಅಗಲವಾಗಿದ್ದಷ್ಟೂ ಕನ್ನಡದ ಕೀಲಿಮಣೆ ಬಳಸುವುದು ಸುಲಭ. ಮಡಚುವ ಫೋನನ್ನು ದಿನಕ್ಕೆ ನೂರು ಸಲ ಯಾರೂ ಬಿಚ್ಚುವುದಿಲ್ಲ; ಹೆಚ್ಚಿನ ಕೆಲಸ ಹೊರಪರದೆಯಲ್ಲೇ ಮುಗಿಯುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಮುಚ್ಚಿದ ಫೋನಿನಲ್ಲಿ ನಾಲ್ಕು ಸಾಲು ಕನ್ನಡ ಬೆರಳಚ್ಚಿಸಿ ನೋಡಬೇಕೆಂಬುದು ನಮ್ಮ ಸಲಹೆ.

ಕಪ್ಪೆಚಿಪ್ಪಿನ ಮಾದರಿಗೆ ನಮ್ಮ ಮನೆಯವರ ಮತ. ಕಾರಣಗಳನ್ನು ಅವರು ಸ್ಪಷ್ಟವಾಗಿಯೇ ಹೇಳಿದರು. ಲೇಕ್ ಮಾರ್ಕೆಟ್ಟಿನಲ್ಲಿ ಒಂದು ಕೈಯಲ್ಲಿ ಬಾಳೆಲೆ, ಕಾಫಿಪುಡಿಯ ಚೀಲ. ಬಸ್ಸಿನಲ್ಲಿ ಒಂದು ಕೈ ಕಂಬಿಗೆ. ಉಳಿದ ಒಂದೇ ಕೈಯಲ್ಲಿ ಹಿಡಿಯಬೇಕಾದ ಫೋನು ಸಣ್ಣದಿರಬೇಕು, ಪರ್ಸಿನೊಳಗೆ ಅಡಗಬೇಕು. ಅರ್ಧ ಮಡಚಿ ಮೇಜಿನ ಮೇಲಿಟ್ಟರೆ ತಾನೇ ನಿಲ್ಲುತ್ತದೆ. ರಾಜ್ಯೋತ್ಸವದ ಗುಂಪುಚಿತ್ರದಲ್ಲಿ ಚಿತ್ರ ತೆಗೆಯುವವರೊಬ್ಬರು ಹೊರಗುಳಿಯುವ ಪ್ರಸಂಗವೇ ಇಲ್ಲ. ಮುಖ್ಯ ಕ್ಯಾಮರಾದಿಂದಲೇ ತಮ್ಮ ಚಿತ್ರ ತೆಗೆದುಕೊಂಡು ಹೊರಪರದೆಯಲ್ಲಿ ನೋಡಿಕೊಳ್ಳಬಹುದು. ಬೆಲೆಯೂ ಕಡಿಮೆ. 2025ರ ಝಡ್ ಫ್ಲಿಪ್ 7 ಬಿಡುಗಡೆಯಾದಾಗ 1,09,999 ರೂಪಾಯಿ, ಫೋಲ್ಡ್ 7 1,74,999. 2023ರಲ್ಲಿ ಟೆಕ್ನೋ ಫ್ಯಾಂಟಮ್ ವಿ ಫ್ಲಿಪ್ 49,999ಕ್ಕೂ ಮೋಟೊರೋಲಾ ರೇಜರ್ 40 59,999ಕ್ಕೂ ನಮ್ಮಲ್ಲಿ ಬಂದವು. ಮಡಚುವ ಫೋನಿನ ರುಚಿ ನೋಡಬೇಕೆನ್ನುವವರಿಗೆ ಈ ವರ್ಗದಲ್ಲೇ ಅವಕಾಶ ಹೆಚ್ಚು.

ಇದರಲ್ಲಿ ನೋಡಬೇಕಾದದ್ದು ಹೊರಪರದೆ. 2020ರ ಝಡ್ ಫ್ಲಿಪ್‌ನಲ್ಲಿ ಅದು 1.1 ಇಂಚು, ಗಂಟೆ ನೋಡಲು ಸಾಕು. ಫ್ಲಿಪ್ 7ರಲ್ಲಿ 4.1 ಇಂಚು. ಆದರೂ ಎಲ್ಲ ತಂತ್ರಾಂಶಗಳನ್ನೂ ಅಲ್ಲಿ ನೇರವಾಗಿ ತೆರೆಯಲು ಕೆಲವು ತಯಾರಕರು ಬಿಡುವುದಿಲ್ಲ. ಸೆಟ್ಟಿಂಗ್ಸ್ ಹುಡುಕಿ ಅನುಮತಿ ಕೊಡಬೇಕು. ಮೀನಿನಂಗಡಿಯಲ್ಲೂ ಯು.ಪಿ.ಐ. ಚೌಕ ನೇತಾಡುವ ಈ ಕಾಲದಲ್ಲಿ, ಹಣ ಕೊಡುವ ತಂತ್ರಾಂಶ ಹೊರಪರದೆಯಲ್ಲಿ ತೆರೆಯುವುದೇ ಎಂದು ಅಂಗಡಿಯಲ್ಲೇ ಕೇಳಿ ತಿಳಿಯಬೇಕು. ಕ್ಯಾಮರಾ, ಬ್ಯಾಟರಿಗಳಿಗೆ ಇದರಲ್ಲಿ ಜಾಗ ಕಡಿಮೆ; ದೂರದ್ದನ್ನು ಹತ್ತಿರಕ್ಕೆಳೆಯುವ ಮಸೂರ ಫ್ಲಿಪ್ 7ರಲ್ಲಿ ಇಲ್ಲ.

ಹೊರಮುಖವಾಗಿ ಮಡಚುವ ಮೂರನೆಯ ಬಗೆಯೊಂದಿತ್ತು. 2019ರ ಹುವಾವೇ ಮೇಟ್ ಎಕ್ಸ್ ಅಂಥದು. ಒಂದೇ ಪರದೆ ಹೊರಗೆ ಸುತ್ತಿಕೊಳ್ಳುತ್ತಿತ್ತು. ಮೃದುವಾದ ಪರದೆ ಸದಾ ಬಯಲಿಗೆ ಬಿದ್ದಿರುವುದರಿಂದ ಗೀರು ಬೀಳುವ ಭಯ ತಪ್ಪಲಿಲ್ಲ. ಬಹುಪಾಲು ತಯಾರಕರು ಆ ದಾರಿ ಹಿಡಿಯಲಿಲ್ಲ.

ಮೂರು ಮಡಿಕೆಯ ಫೋನುಗಳೂ ಬಂದಿವೆ. 2024ರ ಸೆಪ್ಟೆಂಬರ್‌ನಲ್ಲಿ ಹುವಾವೇ ಚೀನಾದಲ್ಲಿ 19,999 ಯುವಾನಿಗೆ ತಂದ ಮೇಟ್ ಎಕ್ಸ್‌ಟಿ ಪೂರ್ತಿ ಬಿಚ್ಚಿದರೆ 10.2 ಇಂಚು; ಒಂದು ಮಡಿಕೆ ಒಳಕ್ಕೆ, ಇನ್ನೊಂದು ಹೊರಕ್ಕೆ. 2025ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್ ಕೊರಿಯಾದಲ್ಲಿ ತಂದ ಟ್ರೈಫೋಲ್ಡ್ ಎರಡೂ ಕಡೆ ಒಳಕ್ಕೇ ಮಡಚುತ್ತದೆ. ಇದನ್ನು ನೋಡಿದ ಕನ್ನಡಿಗರಿಗೆ ನೆನಪಾಗಬೇಕಾದದ್ದು ನಮ್ಮ ಕಡತ. ಇಂದು ಕಚೇರಿಯ ಫೈಲಿಗೆ ನಾವು ಬಳಸುವ ಈ ಪದ ಮೂಲದಲ್ಲಿ ಒಂದು ಮಡಚುವ ಪುಸ್ತಕದ ಹೆಸರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಒಂದು ಮಡಿಕೆ ಆಚೆ ಒಂದು ಈಚೆ ಬರುವಂತೆ ಬೀಸಣಿಗೆಯ ಹಾಗೆ ಮಡಚಿ, ಬಳಪದಿಂದ ಬರೆಯುತ್ತಿದ್ದರು; ಬೇಕೆಂದಾಗ ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಮುಖ್ಯ ಆಕರಗಳಾಗಿವೆ. ಶಾನುಭೋಗರು, ವರ್ತಕರು ಲೆಕ್ಕ ಬರೆದಿಟ್ಟದ್ದು ಇವುಗಳಲ್ಲೇ. ಲೆಕ್ಕದವರಾದ ನಮಗೆ ಇದೊಂದು ಸಣ್ಣ ಹೆಮ್ಮೆ. ಮೂರು ಮಡಿಕೆಯ ಫೋನಿನ ಬೆಲೆ ಮಾತ್ರ ಶಾನುಭೋಗರ ಲೆಕ್ಕಕ್ಕೂ ಮೀರಿದ್ದು. ಸದ್ಯಕ್ಕೆ ಅದನ್ನು ನೋಡಿ ಸಂತೋಷಪಡುವುದೇ ಲೇಸು.

ಕೊಲ್ಕತ್ತೆಯವರು ಬೇರೆಲ್ಲದಕ್ಕಿಂತ ಹೆಚ್ಚು ಗಮನ ಕೊಡಬೇಕಾದ ವಿಷಯ ನೀರು ಮತ್ತು ಧೂಳು. 2025ರ ಸೆಪ್ಟೆಂಬರ್ 23ರಂದು, ಪೂಜೆ ಇನ್ನೇನು ಬಂತೆನ್ನುವಾಗ, ಒಂದೇ ರಾತ್ರಿಯ ಮಳೆಗೆ ಊರು ಸೊಂಟಮಟ್ಟದ ನೀರಿನಲ್ಲಿ ನಿಂತದ್ದನ್ನು ನಾವಾರೂ ಮರೆತಿಲ್ಲ. ಚಳಿಗಾಲದಲ್ಲಿ ಇದೇ ಬೀದಿಗಳು ಧೂಳು ಕಾರುತ್ತವೆ. ಫೋನಿನ ಪೆಟ್ಟಿಗೆಯ ಮೇಲೆ ಐ.ಪಿ. ಎಂಬ ಅಕ್ಷರಗಳ ಮುಂದೆ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಧೂಳಿನದು, ಎರಡನೆಯದು ನೀರಿನದು. 2021ರ ಫೋಲ್ಡ್ 3, ಫ್ಲಿಪ್ 3ರಲ್ಲಿ ಐ.ಪಿ.ಎಕ್ಸ್ 8 ಎಂದಿತ್ತು: ನೀರಿಗೆ ರಕ್ಷಣೆಯುಂಟು, ಧೂಳಿನ ಮಾತೇ ಇಲ್ಲ. ಫೋಲ್ಡ್ 7ರಲ್ಲಿ ಐ.ಪಿ. 48: ಒಂದು ಮಿಲಿಮೀಟರಿಗಿಂತ ದೊಡ್ಡ ಕಣ ಒಳಹೋಗದು. ನಮ್ಮೂರಿನ ಧೂಳು ಅದಕ್ಕಿಂತ ಬಹಳ ಸಣ್ಣದು. 2025ರಲ್ಲಿ ಬಂದ ಗೂಗಲ್ ಪಿಕ್ಸೆಲ್ 10 ಪ್ರೊ ಫೋಲ್ಡ್ ಐ.ಪಿ. 68 ಪಡೆದ ಮೊದಲ ಮಡಚುವ ಫೋನು. ಅದು ಧೂಳನ್ನು ಪೂರ್ತಿ ತಡೆಯುತ್ತದೆ. ಬಿಡುಗಡೆಯಾದಾಗ ಅದರ ಬೆಲೆ 1,72,999 ಇತ್ತು. ಕೀಲಿನ ಸಹನೆಯ ಬಗೆಗೆ ಅಷ್ಟು ಹೆದರಬೇಕಿಲ್ಲ. ಮೊದಲ ಫೋಲ್ಡನ್ನು 2 ಲಕ್ಷ ಬಾರಿ ಮಡಚಿ ಪರೀಕ್ಷಿಸಿದ್ದೇವೆಂದು ಕಂಪನಿ ಹೇಳಿತ್ತು. ದಿನಕ್ಕೆ ನೂರು ಸಲವೆಂದರೂ ಐದೂವರೆ ವರ್ಷ. ಫೋಲ್ಡ್ 7ರ ಪರದೆಗೆ ಈ ಸಂಖ್ಯೆ 5 ಲಕ್ಷ. ಆದರೆ ಪರೀಕ್ಷೆಯ ಯಂತ್ರ ಫೋನನ್ನು ಮಡಚುತ್ತದೆಯೇ ಹೊರತು ಬೆವರಿದ ಜೇಬಿನಲ್ಲಿ ಸಾಗರ ದತ್ತ ಆಸ್ಪತ್ರೆಯ ಬಸ್ಸಿನ ನೂಕುನುಗ್ಗಲಿಗೆ ಒಯ್ಯುವುದಿಲ್ಲ.

ನಮ್ಮ ಸಹೋದ್ಯೋಗಿಯೊಬ್ಬರ ಫೋನಿನ ಒಳಪರದೆಯಲ್ಲಿ ಎರಡನೆಯ ಮಳೆಗಾಲ ಕಳೆದ ಮೇಲೆ ಮಡಿಕೆಯುದ್ದಕ್ಕೂ ಹಸಿರು ಗೆರೆಯೊಂದು ಮೂಡಿತು. ಖಾತರಿಯ ಅವಧಿ ತೀರಿ ಎರಡು ತಿಂಗಳಾಗಿತ್ತು. ದುರಸ್ತಿಗೆ ಕೇಳಿದ ಮೊತ್ತ ಹೊಸ ಫೋನಿನ ಬೆಲೆಯ ಮೂರನೆಯ ಒಂದು ಭಾಗ. ಅವರು ಅದನ್ನು ಮುಚ್ಚಿದ ಸ್ಥಿತಿಯಲ್ಲೇ, ಹೊರಪರದೆಯಿಂದ, ಸಾಮಾನ್ಯ ಫೋನಿನಂತೆ ಬಳಸುತ್ತಿದ್ದಾರೆ. ಕೊಳ್ಳುವಾಗಲೇ ಪರದೆಯ ರಕ್ಷಣಾ ಯೋಜನೆಯ ಹಣವನ್ನು ಬೆಲೆಗೆ ಕೂಡಿಸಿ ಲೆಕ್ಕ ಹಾಕಿ ಎಂದು ನಾವು ಹೇಳುವುದು ಇದಕ್ಕೇ. ಕೈಬದಲಾದ ಹಳೆಯ ಮಡಚುವ ಫೋನಿನ ತಂಟೆಗೂ ಹೋಗಬೇಡಿ. ಒಮ್ಮೆ ಬಿಚ್ಚಿ ಜೋಡಿಸಿದ ಫೋನಿನಲ್ಲಿ ನೀರು ತಡೆಯುವ ಅಂಟು ಮೊದಲಿನಂತೆ ಇದೆಯೆಂದು ಹೊರಗಿನಿಂದ ತಿಳಿಯುವ ಬಗೆಯಿಲ್ಲ.

ಇನ್ನು ನಮ್ಮ ಕಸುಬಿನ ಮಾತು. ‘ಬಡ್ಡಿಯಿಲ್ಲದ ಮಾಸಿಕ ಕಂತು’ ಎಂಬ ಫಲಕ ಎಲ್ಲ ಅಂಗಡಿಗಳಲ್ಲೂ ಇದೆ. ಬಡ್ಡಿಯಿಲ್ಲದ ಸಾಲವೆಂಬುದು ಇಲ್ಲವೆಂದು, ಅಂಥ ಯೋಜನೆಗಳಲ್ಲಿ ಬಡ್ಡಿಯನ್ನು ಮರೆಮಾಚಲಾಗುತ್ತದೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಈಗಿನ ಏರ್ಪಾಡು ಹೀಗೆ: ತೆರಬೇಕಾದ ಬಡ್ಡಿಯಷ್ಟನ್ನು ಮಾರಾಟಗಾರ ಬೆಲೆಯಲ್ಲಿ ಮೊದಲೇ ಕಳೆಯುತ್ತಾನೆ, ಉಳಿದದ್ದಕ್ಕೆ ಬ್ಯಾಂಕು ಬಡ್ಡಿ ಹಾಕುತ್ತದೆ. 1,20,000 ರೂಪಾಯಿಯ ಫೋನನ್ನು ಶೇಕಡಾ 15ರ ದರದಲ್ಲಿ 12 ಕಂತುಗಳಿಗೆ ಕೊಂಡಿರೆನ್ನೋಣ. ತಿಂಗಳಿಗೆ 10,000 ಕಟ್ಟುತ್ತೀರಿ. ಇದರಲ್ಲಿ ಅಸಲು ಸುಮಾರು 1,10,800, ಬಡ್ಡಿ ಸುಮಾರು 9,200. ಆ ಬಡ್ಡಿಯ ಮೇಲೆ ಶೇಕಡಾ 18 ಜಿ.ಎಸ್.ಟಿ., ಅಂದರೆ ಸುಮಾರು 1,650 ರೂಪಾಯಿ ನಿಮ್ಮ ಕಾರ್ಡಿನ ಲೆಕ್ಕಕ್ಕೆ ಬೀಳುತ್ತದೆ. ಮೇಲೆ ಸಂಸ್ಕರಣಾ ಶುಲ್ಕ. ನಗದು ಕೊಟ್ಟಿದ್ದರೆ ಅಂಗಡಿಯವನು ಬಿಡುತ್ತಿದ್ದ ರಿಯಾಯಿತಿ ಕೈತಪ್ಪಿದ್ದನ್ನೂ ಸೇರಿಸಿಕೊಳ್ಳಿ. ಕಂತು ಬೇಡವೆಂದು ನಾವು ಹೇಳುವುದಿಲ್ಲ. ಕೇಳಿ, ಬರೆಸಿಕೊಂಡು ಕೊಳ್ಳಿ.

ಹತ್ತು ಇಂಚಿನ ಸಾಮಾನ್ಯ ಟ್ಯಾಬ್ಲೆಟ್ಟೊಂದು, ಜೊತೆಗೆ ಒಂದು ಮಧ್ಯಮ ಬೆಲೆಯ ಫೋನು ಇವೆರಡೂ ಸೇರಿ ಪುಸ್ತಕದ ಮಾದರಿಯ ಬೆಲೆಯ ಮೂರನೆಯ ಒಂದು ಭಾಗಕ್ಕೆ ಬರುತ್ತವೆಂಬುದನ್ನೂ ಮುಚ್ಚಿಡಬಾರದು. ಮನೆಯಲ್ಲಿ ಕುಳಿತು ಓದುವವರಿಗೆ ಅದೇ ವಿವೇಕ. ದಾರಿಯಲ್ಲಿ, ಕಚೇರಿಯ ಬಿಡುವಿನಲ್ಲಿ, ಊರಿಗೆ ಹೋಗುವ ರೈಲಿನಲ್ಲಿ ಓದುವವರಿಗೆ ಮಾತ್ರ ಪುಸ್ತಕದ ಮಾದರಿ ತನ್ನ ಬೆಲೆಗೆ ತಕ್ಕ ಫಲ ಕೊಟ್ಟೀತು. ಓದು ಅಷ್ಟಾಗಿ ಬೇಡ, ಜೇಬು ಹಗುರವಾಗಿರಬೇಕು ಎನ್ನುವವರು ಕಪ್ಪೆಚಿಪ್ಪಿನ ಕಡೆಗೆ ಹೋಗಬಹುದು.

ನಮ್ಮ ಮನೆಯಲ್ಲಿ ತೀರ್ಮಾನ ಇನ್ನೂ ಆಗಿಲ್ಲ. ಅಂಗಡಿಯಲ್ಲಿ ನಮ್ಮ ಮನೆಯವರು ಆ ಪುಟ್ಟ ಫೋನನ್ನು ಟಪ್ಪೆಂದು ಮುಚ್ಚಿ, “ನಿವೃತ್ತಿಯಾದ ಮೇಲೆ ನೀವು ಮೆಟ್ರೋದಲ್ಲಿ ಎಲ್ಲಿಗೆ ಹೋಗುತ್ತೀರಿ, ಓದುವುದಕ್ಕೆ?” ಎಂದು ಕೇಳಿದರು. ಈ ಪ್ರಶ್ನೆಗೆ ಸರಿಯಾದ ಉತ್ತರ ನಮ್ಮಲ್ಲಿರಲಿಲ್ಲ. ಪೂಜೆಯ ರಿಯಾಯಿತಿ ಬರುವವರೆಗೆ ಕಾಯುವುದೆಂದಾಗಿದೆ. ಅಲ್ಲಿಯತನಕ ಬೆಳಗಿನ ಪತ್ರಿಕೆಯನ್ನು ಹಳೆಯ ಫೋನಿನಲ್ಲೇ, ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, ಓದುತ್ತಿದ್ದೇವೆ.